ಬೆನ್ನ ಹಿಂದಿನ ಗಾಜು

ಕಡಲಿಗೆ ಇನ್ನೂ ಬಣ್ಣ ಬಂದಿರಲಿಲ್ಲ. ಇರುಳೆಂಬ ಬೂದಿಯಡಿಯ ಕೆಂಡವನ್ನು ಯಾರೋ ಊದಿ ಊದಿ ಎಬ್ಬಿಸುತ್ತಿರುವಂತೆ ಪೂರ್ವದ ಗುಡ್ಡಗಳ ಅಂಚು ಕ್ಷಣಕ್ಷಣಕ್ಕೂ ಕೆಂಪೇರುತ್ತಿತ್ತು. ಆ ಕೆಂಪು ಮೊದಲು ಗದ್ದೆಗಳ ನಿಂತ ನೀರಿಗಿಳಿದು, ಅಲ್ಲಿಂದ ಗಾಳಿಗೆ ಬಾಗಿ ಬೆಳೆದ ಮರಗಳ ಬೆನ್ನೇರಿ, ಕೊನೆಗೆ ಅಲೆಗಳ ನೆತ್ತಿಯನ್ನು ಮುಟ್ಟಿದಾಗ, ಆ ವಿಶಾಲ ಜಲರಾಶಿ ನಿದ್ದೆಯಲ್ಲಿ ನಕ್ಕ ಮಗುವಿನ ಮುಖದಂತೆ ಒಮ್ಮೆ ಮಿನುಗಿ ಮತ್ತೆ ಗಂಭೀರವಾಯಿತು... ಕಡಲಿಗೂ ಗದ್ದೆಗೂ ನಡುವೆ, ಇಬ್ಬರಿಗೂ ಸೇರದ ಹಳೆಯ ನಂಟನಂತೆ, ಒಂದು ದಾರಿ ಸುಮ್ಮನೆ ಮಲಗಿತ್ತು.

ಒಂದು ಕಾಲಕ್ಕೆ ಈ ದಾರಿಯ ಎದೆಯ ಮೇಲೆ ಲಾರಿಗಳು ಗರ್ಜಿಸುತ್ತಿದ್ದವು. ಗುಡ್ಡದಾಚೆ ಹೆದ್ದಾರಿ ಬಂದದ್ದೇ ತಡ, ಅವಸರವಿದ್ದವರೆಲ್ಲ ಅತ್ತ ಹೊರಟುಹೋದರು. ಈಗ ಡಾಂಬರಿನ ಬಿರುಕುಗಳಲ್ಲಿ ಹುಲ್ಲು ಚಿಗುರಿದೆ. ಮೈಲಿಗಲ್ಲುಗಳ ಅಂಕಿಗಳನ್ನು ಪಾಚಿ ನುಂಗಿದೆ. ದಾರಿಯ ನಟ್ಟನಡುವೆ ನಾಯಿಯೊಂದು ಸ್ವಂತ ಜಗಲಿಯ ಮೇಲೆಂಬಂತೆ ಮಲಗಿದೆ. ಜನ ಬಿಟ್ಟುಹೋದ ದಾರಿಗಷ್ಟೇ ಒಲಿಯುವ ಸೌಂದರ್ಯವೊಂದಿದೆ, ಸಹೃದಯರೇ! ಅದನ್ನು ಕಾಣಬೇಕಾದರೆ ನಡಿಗೆಗಿಂತ ತುಸು ಬೇಗ, ಮೋಟಾರಿಗಿಂತ ಬಹಳ ನಿಧಾನ ಹೋಗಬೇಕು. ಅಂದರೆ, ಸೈಕಲ್ ತುಳಿಯಬೇಕು.

ಆ ಬೆಳಗ್ಗೆ ಅಲ್ಲಿ ಎರಡು ಸೈಕಲ್‌ಗಳು ಹೊರಟಿದ್ದವು. ಮುಂದಿನದರ ಮೇಲೆ ಪೇಟೆಯ ಗಾಜಿನಂಗಡಿಯವನು. ಕಿವಿಯ ಬದಿಗೆ ನರೆ ಇಣುಕಿದ, ಅಗಲ ಬೆನ್ನಿನ, ಅಳೆದು ತೂಗಿಯೂ ಮಾತಾಡದ ಮನುಷ್ಯ. ಹಿಂದಿನದರ ಮೇಲೆ, ಅಣ್ಣನ ಮಗಳ ನೀಲಿ ಸೈಕಲ್ಲನ್ನು ಕೇಳಿ ತಂದಿದ್ದ ದರ್ಜಿಯಾಕೆ. ಅಣ್ಣನ ಮನೆಯ ಮಹಡಿಕೋಣೆಯಲ್ಲಿ, ಕಿಟಕಿಗೆ ಹೊಂದಿಸಿಟ್ಟ ಹೊಲಿಗೆ ಯಂತ್ರದ ಮುಂದೆ, ಚೂರುಬಟ್ಟೆಗಳ ರಾಶಿಯ ನಡುವೆ ಅವಳ ತಾರುಣ್ಯ ಸದ್ದಿಲ್ಲದೆ ಸರಿದುಹೋಗಿತ್ತು. ಆ ಕೋಣೆಗೆ ನಿಲುಗನ್ನಡಿ ಕೂರಿಸಲು ಬಂದವನು ಆತ. ಕನ್ನಡಿ ಕೂತಿತು, ಆದರೆ ತಿಂಗಳಿಗೊಮ್ಮೆ ಅದರ ತಿರುಪು ಬಿಗಿಮಾಡುವ ನೆಪ ಮಾತ್ರ ಮುಗಿಯಲೇ ಇಲ್ಲ! ಕಡೆಗೊಂದು ಸಂಜೆ, ತಿರುಪುಳಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದ್ದ:

"ನನಗೆ ಸುತ್ತಿ ಬಳಸಿ ಮಾತಾಡೋಕೆ ಬರಲ್ಲ. ನೀವು ಒಪ್ಪಿದ್ರೆ ಮದುವೆ ಆಗೋಣ."

"ಇಲ್ಲಿ ಬೇಡ, ಇಲ್ಲಿ ಗೋಡೆಗೂ ನಮ್ಮ ಅತ್ತಿಗೆಯ ಕಿವಿ ಇದೆ," ಎಂದಿದ್ದಳು ಅವಳು. "ದೀಪಸ್ತಂಭದ ಊರಲ್ಲಿ ನಮ್ಮ ಚಿಕ್ಕಮ್ಮ ಇದ್ದಾಳೆ. ಕಡಲದಾರಿ ಹಿಡಿದು ಸೈಕಲ್ ಮೇಲೆ ಅಲ್ಲಿಗೆ ಹೋಗೋಣ. ದಾರಿ ಮುಗಿಯೋದ್ರೊಳಗೆ ಹೇಳ್ತೀನಿ."

ಆ ಉತ್ತರಕ್ಕಾಗಿ ಈ ಪಯಣ.

ಮೊದಮೊದಲು ಅವಳ ಹೃದಯ ಹಗುರಾಗಿತ್ತು. "ಇಷ್ಟು ವರ್ಷ ಮಷೀನು ತುಳಿದೆ, ಒಂದು ಗೇಣು ಮುಂದೆ ಹೋಗಲಿಲ್ಲ! ಈಗ ನೋಡಿ, ತುಳಿದಷ್ಟೂ ಲೋಕ ಹಿಂದೆ ಹೋಗ್ತಿದೆ," ಎಂದು ಕೂಗಿ ನಕ್ಕಳು. ಮುಂದಿದ್ದವನು ತಲೆಯಾಡಿಸಿದ, ತಿರುಗಲಿಲ್ಲ. ನೀರಿನಂಚಿನಿಂದ ಬೆಳ್ಳಕ್ಕಿಗಳ ಹಿಂಡೊಂದು ಬಿಳಿಯ ಕರವಸ್ತ್ರಗಳಂತೆ ಎದ್ದು ಹಾರಿತು. "ನೋಡಿದ್ರಾ?" ಎಂದಳು. "ಹೂಂ," ಎಂದ, ತಿರುಗಲಿಲ್ಲ. ಬಿಸಿಲೇರಿತು, ಕಡಲ ಕಡೆಯಿಂದ ಗಾಳಿ ಎದ್ದಿತು, ಅವಳ ಕೂದಲು ಒಂದೇ ಪಕ್ಕಕ್ಕೆ ಹಾರಿ ಕಣ್ಣು ಕಟ್ಟಿತು, ಒಂದು ಕಿವಿಯಲ್ಲಿ ಗಾಳಿ ಹೂಂಕರಿಸತೊಡಗಿತು. ಆದರೂ ಎದುರಿಗೆ ಅದೇ ಬೆನ್ನು! ಬೆವರಿನ ಕಲೆ ನಿಧಾನವಾಗಿ ಹರಡುತ್ತಿದ್ದ, ಗೋಡೆಯಂಥ, ಬಾಗಿಲಿಲ್ಲದ ಬೆನ್ನು... ಮೌನವೆಂದರೆ ಆಳವೆಂದು ಹಾಡುವವರು ಹಾಡಲಿ. ಆ ಮೌನದ ಹಿಂದೆ ಗಂಟೆಗಟ್ಟಲೆ ಸೈಕಲ್ ತುಳಿದವಳನ್ನು ಯಾರಾದರೂ ಕೇಳಿದ್ದಾರೆಯೇ?

ಉಪ್ಪಿನಗದ್ದೆಗಳು ಶುರುವಾಗುವ ತಿರುವಿನಲ್ಲಿ ಅವಳ ಸೈಕಲ್ಲಿನ ಚೈನು ಕಳಚಿತು. ಅವಳು ಬೆಲ್ಲು ಬಾರಿಸಿದಳು, ಕೂಗಿದಳು. ಗಾಳಿ ಆ ಕೂಗನ್ನು ಹತ್ತಿಯಂತೆ ಕಿತ್ತುಕೊಂಡು ಉಪ್ಪಿನ ಬಯಲಿಗೆ ಎಸೆಯಿತು. ಅಗಲ ಬೆನ್ನು ಚಿಕ್ಕದಾಯಿತು, ಚುಕ್ಕೆಯಾಯಿತು, ಮುಂದಿನ ತಿರುವಿನಲ್ಲಿ ಕರಗಿತು.

ಅವನಿಗೆ ಅದು ಗೊತ್ತಾದದ್ದು ಸೇತುವೆ ಕುಸಿದ ಹಳ್ಳದ ದೋಣಿಕಟ್ಟೆಯಲ್ಲಿ, ಕಾಲೂರಿದ ಮೇಲೆ. ದೋಣಿಯವನು ಹುಟ್ಟಿನ ಮೇಲೆ ಗದ್ದವಿಟ್ಟು ಕೇಳಿದ: "ಒಬ್ಬರೇನಾ, ಯಜಮಾನ್ರೇ?"

"ಇಲ್ಲ, ಇಬ್ರು. ಹಿಂದೆ ಬರ್ತಿದ್ದಾರೆ."

ದೋಣಿಯವನು ಹಣೆಗೆ ಕೈ ಅಡ್ಡ ಹಿಡಿದು, ಬಾಣದಂತೆ ನೇರವಾಗಿದ್ದ ಆ ಖಾಲಿ ದಾರಿಯನ್ನು ಉದ್ದಕ್ಕೂ ನೋಡಿದ. "ಹಿಂದೆ ಅಂದ್ರೆ? ಹೋದ ಜನ್ಮದಲ್ಲಾ?"

ಆಗ ತಿರುಗಿದ ಅವನು! ಸೈಕಲ್ಲನ್ನು ಎತ್ತಿ ತಿರುಗಿಸಿ, ಪೆಡಲಿನ ಮೇಲೆ ಎದ್ದು ನಿಂತು ತುಳಿದ. ಆ ತನಕ ಅವನು ನೋಡದೇ ದಾಟಿದ್ದ ಚೆಲುವೆಲ್ಲ ಈಗ ಎದುರಾಯಿತು: ಬಿಸಿಲಿಗೆ ವಜ್ರದ ಹುಡಿಯಂತೆ ಹೊಳೆಯುವ ಉಪ್ಪಿನ ಗುಪ್ಪೆಗಳು, ನೀರಲ್ಲಿ ತಲೆಕೆಳಗಾಗಿ ನಿಂತ ಮೋಡಗಳು... ಅವನ ಕಣ್ಣು ಹುಡುಕುತ್ತಿದ್ದದ್ದು ಒಂದು ನೀಲಿ ಸೈಕಲ್ಲನ್ನು ಮಾತ್ರ.

ಅದು ಸಿಕ್ಕಿತು. ಆದರೆ ಅದರ ಮುಂದಿನ ಚಕ್ರ ಊರಿನ ಕಡೆಗೆ ತಿರುಗಿತ್ತು. ಅವಳು ಪಕ್ಕದ ಮೋರಿಕಟ್ಟೆಯ ಮೇಲೆ ಕೂತು, ಮಸಿಯಾದ ಬೆರಳುಗಳನ್ನು ಹುಲ್ಲಿಗೆ ಒರೆಸುತ್ತಿದ್ದಳು.

"ಏನಾಯ್ತು?"

"ಚೈನು ಬಿತ್ತು. ಹಾಕ್ಕೊಂಡೆ."

"ಕರೀಬೇಕಿತ್ತು."

"ಕರೆದೆ. ಬೆಲ್ಲು ಹೊಡೆದೆ, ಗಂಟಲು ಹರಿಯೋ ಹಾಗೆ ಕೂಗಿದೆ. ಕಾಗೆ ತಿರುಗಿ ನೋಡ್ತು. ನೀವು ನೋಡ್ಲಿಲ್ಲ." ಅವಳ ದನಿಯಲ್ಲಿ ಕೋಪಕ್ಕಿಂತ ದಣಿವಿತ್ತು, ಅದೇ ಭಯಂಕರವಾಗಿತ್ತು. "ಉತ್ತರ ಬೇಕಿತ್ತಲ್ಲ? ತಗೊಳ್ಳಿ. ನಾನು ವಾಪಸ್ ಹೋಗ್ತೀನಿ. ಚಿಕ್ಕವಳಿದ್ದಾಗ ಅಪ್ಪನ ಬೆನ್ನು ನೋಡ್ಕೊಂಡು ನಡೆದೆ. ಆಮೇಲೆ ಅಣ್ಣನ ಬೆನ್ನು. ಇನ್ನೊಂದು ಬೆನ್ನು ನನಗೆ ಬೇಡ."

ಗಾಳಿ ಬೀಸಿತು. ಉಪ್ಪಿನ ನೀರು ಸಣ್ಣಗೆ ನಡುಗಿತು. ಅವನು ಸೈಕಲ್ಲಿಗೆ ಒರಗಿ, ಮಾತನ್ನು ಎದೆಯ ತಳದಿಂದ ಹಗ್ಗ ಕಟ್ಟಿ ಎಳೆದಂತೆ ಹೊರತೆಗೆದ.

"ಹಿಂದೆ ನೋಡಿದ್ರೆ ಒಡೆದುಹೋಗುತ್ತೆ," ಎಂದ.

"ಏನು?"

"ಗಾಜು. ಕ್ಯಾರಿಯರ್ ಮೇಲೆ ಗಾಜು ಕಟ್ಟಿದಾಗ ಕತ್ತು ತಿರುಗಿಸಬಾರದು. ಕತ್ತು ತಿರುಗಿದ್ರೆ ಹ್ಯಾಂಡಲ್ ತಿರುಗುತ್ತೆ, ಗಾಜು ಹೋಗುತ್ತೆ. ಕಲಿಯೋವಾಗ ಆಳೆತ್ತರದ ಕನ್ನಡಿ ಒಡೆದಿದ್ದೀನಿ, ಯಾರೋ ಕರೆದ್ರು ಅಂತ ತಿರುಗಿ." ಅವನು ಖಾಲಿ ಕ್ಯಾರಿಯರನ್ನು ಮುಟ್ಟಿದ. "ಅವತ್ತಿಂದ, ಹಿಂದೆ ಬೆಲೆಬಾಳೋದು ಏನಾದ್ರೂ ಇದ್ರೆ ನಾನು ನೇರ ನೋಡೋದೇ. ಮಾತೂ ಆಡಲ್ಲ. ಇವತ್ತು ಬೆಳಗ್ಗೆಯಿಂದ ಎಷ್ಟು ನೇರ ನೋಡಿದ್ದೀನಿ ಅಂದ್ರೆ... ಕತ್ತೇ ಹಿಡ್ಕೊಂಡಿದೆ. ನಾನು ಮುಂದಿದ್ರೆ ಗಾಳಿನೂ ನಿಮಗೆ ತಾಗಲ್ಲ ಅಂದ್ಕೊಂಡೆ."

ಅವಳು ಅವನನ್ನೇ ನೋಡಿದಳು. ನಿಜವಾಗಿಯೂ ಅವನ ಕತ್ತು ಹಲಗೆಯಂತೆ ಸೆಟೆದಿತ್ತು. ನಗಬಾರದೆಂದು ತುಟಿ ಕಚ್ಚಿದಳು, ನಗು ಕೇಳಬೇಕಲ್ಲ!

"ಗಾಳಿ ಬರ್ತಿರೋದು ಕಡಲಿಂದ, ಮಹರಾಯರೇ. ಪಕ್ಕದಿಂದ! ನೀವು ಮುಂದೆ ಹೋಗಿ ಯಾವ ಗಾಳಿ ತಡೆದ್ರಿ? ನನ್ನ ಕಿವಿ ಕೇಳಿ ನೋಡಿ, ಬೆಳಗ್ಗೆಯಿಂದ ಅದರೊಳಗೆ ಜಗಳ ನಡೀತಿದೆ."

ಅವನು ಬಾಗಿದ ಮರಗಳನ್ನು ನೋಡಿದ, ಅವಳ ಒಂದೇ ಪಕ್ಕಕ್ಕೆ ಕೆದರಿದ ಕೂದಲನ್ನು ನೋಡಿದ. "ಹೌದಲ್ಲ..." ಎಂದ. ಜೀವಮಾನದಲ್ಲಿ ಅವನಾಡಿದ ಅತ್ಯಂತ ಪ್ರಾಮಾಣಿಕವಾದ ಮಾತು ಬಹುಶಃ ಅದೇ.

"ನಾನು ಗಾಜಲ್ಲ," ಎಂದಳು ಅವಳು ಮೆಲ್ಲಗೆ. "ಕರೆದ್ರೆ ತಿರುಗಿ. ಒಡೆಯಲ್ಲ."

ನೀಲಿ ಸೈಕಲ್ಲು ಮತ್ತೆ ದೀಪಸ್ತಂಭದ ಕಡೆಗೆ ತಿರುಗಿತು. ದಾರಿ ಖಾಲಿ, ಹಿಂದಿನಿಂದ ಹಾರ್ನ್ ಹೊಡೆದು ಬೇರ್ಪಡಿಸುವವರಿಲ್ಲ. ಅವನು ಕಡಲ ಕಡೆ, ಅವಳು ಗದ್ದೆಯ ಕಡೆ, ಹ್ಯಾಂಡಲಿಗೆ ಹ್ಯಾಂಡಲು ತಾಗುವಷ್ಟು ಹತ್ತಿರ. ಅವಳ ಕಿವಿಯೊಳಗಿನ ಹೂಂಕಾರ ಥಟ್ಟನೆ ನಿಂತಿತು. ಆ ನಿಶ್ಶಬ್ದದಲ್ಲಿ ಏನೇನು ಕೇಳಿಸಿತು! ಎರಡು ಚೈನುಗಳ ಒಂದೇ ಲಯದ ಸದ್ದು, ನೀರಹಕ್ಕಿಯ ಕೂಗು, ಪಕ್ಕದವನ ಉಸಿರು... ಮಾತು ಕೂಡ ಬಂತು. ಮೊದಲ ಮಳೆಯ ಹನಿಗಳಂತೆ, ಅಲ್ಲೊಂದು ಇಲ್ಲೊಂದು.

ಸ್ವಲ್ಪ ದೂರ ಹೋದ ಮೇಲೆ ಅವಳು ಹೇಳಿದಳು: "ಈಗ ನೀವು ಒಳಗೆ ಬನ್ನಿ. ಕಡಲ ಕಡೆಗೆ ನಾನಿರ್ತೀನಿ."

"ಗಾಳಿ ಜೋರಿದೆ."

"ಗೊತ್ತು."

ಅವನು ಬಾಯಿ ತೆರೆದ. ಬೇಡ ಎನ್ನುವುದು, ನಾನಿದ್ದೇನೆ ಎನ್ನುವುದು, ಎಲ್ಲ ನಾಲಗೆಯ ತುದಿಗೆ ಬಂದಿತ್ತು. ಆದರೆ ಅವಳ ಮುಖವನ್ನು ನೋಡಿ ಬ್ರೇಕು ಒತ್ತಿದ, ಹಿಂದೆ ಸರಿದ, ಅವಳ ಒಳಪಕ್ಕಕ್ಕೆ ಬಂದ. ಅಷ್ಟೇ! ಯಾವ ಆಣೆಯೂ ಇಲ್ಲ, ವಚನವೂ ಇಲ್ಲ. ಹೆಣ್ಣೊಬ್ಬಳ ಮರೆಯಲ್ಲಿ, ತುಸು ನಾಚಿಕೆಯಿಂದ, ಒಬ್ಬ ಗಂಡಸು ನೆಮ್ಮದಿಯಾಗಿ ಸೈಕಲ್ ತುಳಿಯತೊಡಗಿದ.

ಅವಳು ನೇರ ದಾರಿಯನ್ನೇ ನೋಡುತ್ತಾ ಹೇಳಿದಳು: "ದೀಪಸ್ತಂಭದವರೆಗೂ ಯಾಕೆ ಕಾಯಿಸಲಿ? ಒಪ್ಪಿದ್ದೀನಿ."

ಅವನು ತಿರುಗಿದ. ಅವಳನ್ನು ಕಣ್ತುಂಬ, ಹಾದಿಯನ್ನೂ ಹ್ಯಾಂಡಲನ್ನೂ ಮರೆತು ನೋಡಿದ. ನೋಡುತ್ತಲೇ ಅಂಚು ದಾಟಿದ, ಇಳಿಜಾರಿಗಿಳಿದ, ಮೊಣಕಾಲುದ್ದ ನೀರಿದ್ದ ಉಪ್ಪಿನಗದ್ದೆಯೊಳಗೆ ಸೈಕಲ್ ಸಮೇತ ಹೋಗಿ ನಿಂತ! ನೀರು ಚಿಮ್ಮಿ, ಬಿಸಿಲಿನಲ್ಲಿ ಸಾವಿರ ಚೂರಾಗಿ ಹೊಳೆದು, ಮತ್ತೆ ಒಂದಾಗಿ ಶಾಂತವಾಯಿತು. ಅವನು ಅಲ್ಲೇ ನಿಂತು ನಕ್ಕ. ದಂಡೆಯ ಮೇಲೆ ಅವಳು ಹೊಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಂಡು, ಮತ್ತೆ ನಗುತ್ತಿದ್ದಳು.

ಸಹೃದಯರೇ, ಮನುಷ್ಯ ಪ್ರೀತಿಯನ್ನು ಹಿಡಿಯುವುದೂ ತನ್ನ ಕಸುಬು ಕಲಿಸಿದ ಕೈಯಿಂದಲೇ. ಕಮ್ಮಾರ ಬಿಗಿಯಾಗಿ ಹಿಡಿದಾನು, ನೇಕಾರ ಎಳೆ ಎಳೆಯಾಗಿ ಬಿಡಿಸಿಯಾನು. ಯಾರ ಕೈಯೂ ಒಲುಮೆಗೆಂದೇ ಹುಟ್ಟಿದ್ದಲ್ಲ. ಆ ಕೈ ತಪ್ಪಿದಾಗ ಬಾಯಿ ಬಿಟ್ಟು ಹೇಳುವ ಎದೆಗಾರಿಕೆ ಒಬ್ಬರಿಗೆ, ಕೇಳಿ ಪಕ್ಕಕ್ಕೆ ಸರಿಯುವ ಸೌಜನ್ಯ ಇನ್ನೊಬ್ಬರಿಗೆ ಇದ್ದರೆ ಸಾಕು... ಉಳಿದ ಹಾದಿ ಎಷ್ಟೇ ಉದ್ದವಿರಲಿ, ಎಂಥ ಗಾಳಿಯೇ ಬೀಸಲಿ, ಅದು ಇಬ್ಬರಿಗೆ ಹಿಡಿಸುವಷ್ಟು ಅಗಲವಾಗಿಯೇ ಇರುತ್ತದೆ.