ಹಿಂದೊಂದು ಎಂಜಿನ್, ಮುಂದೊಂದು ಎಂಜಿನ್

ಬಸ್ ಡಿಪೋದಲ್ಲಿ ಇಪ್ಪತ್ತಾರು ವರ್ಷ ಎಲ್ಲರೂ ಅವನನ್ನು ಮೇಸ್ತ್ರಿ ಎಂದೇ ಕರೆದರು. ಬಸ್ಸು ಗೇಟಿನೊಳಗೆ ತಿರುಗುವಷ್ಟರಲ್ಲೇ, ಕೈಯಲ್ಲಿದ್ದ ಟೀ ಲೋಟ ಕೆಳಗಿಡದೆ, ಸದ್ದು ಕೇಳಿಯೇ, “ಎರಡನೇ ಸಿಲಿಂಡರ್ ನೋಡ್ರೋ” ಎನ್ನುತ್ತಿದ್ದ. ಬಿಚ್ಚಿ ನೋಡಿದರೆ ಅದೇ ಆಗಿರುತ್ತಿತ್ತು. ನಲವತ್ತೆಂಟರ ಹೊತ್ತಿಗೆ ಆ ಕಿವಿಗಳೇ ಕೈಕೊಟ್ಟವು. ಮೊದಲು ಬಲಗಿವಿ ಪೂರ್ತಿ, ಆಮೇಲೆ ಎಡಗಿವಿ ಮುಕ್ಕಾಲು. ಡಿಪೋದವರು ಅವನನ್ನು ಬಿಡಿಭಾಗಗಳ ಸ್ಟೋರಿಗೆ ಹಾಕಿದರು. ಅಲ್ಲಿ ಬೆಲ್ಟ್ ಕೇಳಿದವರಿಗೆ ಬೋಲ್ಟ್ ಕೊಟ್ಟು, ಬೋಲ್ಟ್ ಕೇಳಿದವರಿಗೆ ಬೆಲ್ಟ್ ಕೊಟ್ಟು ನಗೆಪಾಟಲಾದ. ನಾಲ್ಕು ವರ್ಷ ಹಲ್ಲುಕಚ್ಚಿ ಸಹಿಸಿಕೊಂಡು, ಒಂದು ಸೋಮವಾರ ಕೆಲಸ ಬಿಟ್ಟು ಮನೆಗೆ ಬಂದ.

ಮನೆಯಲ್ಲಿ ಹೆಂಡತಿ ಒಬ್ಬಳೇ. ಮಗಳು ಮದುವೆಯಾಗಿ ದೂರದ ಊರು ಸೇರಿದ್ದಳು. ಹೆಂಡತಿಗೆ ರೈಲ್ವೆ ಸ್ಟೇಷನ್ನಿನ ಟಿಕೆಟ್ ಕೌಂಟರಿನಲ್ಲಿ ಕೆಲಸ. ಇಡೀ ದಿನ ಗಾಜಿನ ತೂತಿನಾಚೆಯ ಜನರೊಂದಿಗೆ ಗಂಟಲು ಹರಿದುಕೊಂಡು ಬಂದವಳಿಗೆ, ಸಂಜೆ ಮತ್ತೆ ಕೂಗುವ ತ್ರಾಣ ಇರುತ್ತಿರಲಿಲ್ಲ. ಕೂಗಿದರೆ ಇನ್ನೊಂದು ಪೇಚು: “ಊಟಕ್ಕೆ ಬನ್ನಿ” ಎಂದರೂ ಜಗಳವಾಡಿದ ಹಾಗಿರುತ್ತಿತ್ತು, ಪಕ್ಕದ ಮನೆಯವರು ಕಿಟಕಿಗೆ ಬಂದು ನಿಲ್ಲುತ್ತಿದ್ದರು. ಕಿವಿಗೆ ಹಾಕುವ ಯಂತ್ರವೂ ಬಂತು. ತಗಡಿನ ಡಬ್ಬಿಯೊಳಗೆ ತಲೆ ತೂರಿಸಿದಂತಾಗುತ್ತದೆ ಎಂದು ಅವನು ಅದನ್ನು ವಾರದಲ್ಲೇ ತೆಗೆದಿಟ್ಟ. ಹಾಗೆ ಮಾತು ಒಂದೊಂದಾಗಿ ಉದುರಿ, ಕೊನೆಗೆ ಸನ್ನೆಗಳಷ್ಟೇ ಉಳಿದವು.

ಕೆಲಸ ಬಿಟ್ಟ ಮೇಲೆ ಹೊತ್ತು ಕಳೆಯಲು ಗುಜರಿ ಅಂಗಡಿಗಳನ್ನು ಸುತ್ತುತ್ತಿದ್ದ. ಒಂದು ಕಡೆ ಒಂದೇ ಜಾತಿಯ ಎರಡು ಸಣ್ಣ ಕಾರುಗಳು ಅಕ್ಕಪಕ್ಕ ಬಿದ್ದಿದ್ದವು. ಒಂದರ ಹಿಂಭಾಗ ಲಾರಿ ಗುದ್ದಿ ಅಪ್ಪಚ್ಚಿಯಾಗಿತ್ತು. ಇನ್ನೊಂದು ನೆರೆಯಲ್ಲಿ ಮುಳುಗಿ ಮೈಯೆಲ್ಲ ತುಕ್ಕು ತಿಂದಿತ್ತು, ಆದರೆ ಎಂಜಿನ್ ಗಟ್ಟಿ. ಎರಡನೆಯದರ ಮುಂಭಾಗವನ್ನು, ಎಂಜಿನ್ ಗೇರ್‌ಬಾಕ್ಸ್ ಚಕ್ರಗಳ ಸಮೇತ ಕತ್ತರಿಸಿ, ಮೊದಲನೆಯದರ ಬೆನ್ನಿಗೆ ಕೂರಿಸಿದರೆ? ಎರಡು ಎಂಜಿನ್, ನಾಲ್ಕು ಚಕ್ರಕ್ಕೂ ಶಕ್ತಿ. ಆ ಯೋಚನೆ ತಲೆಗೆ ಹೊಕ್ಕಿದ್ದು ಹೊರಗೆ ಬರಲೇ ಇಲ್ಲ. ಎರಡನ್ನೂ ಕೊಂಡು ಮನೆಗೆ ಅಂಟಿದ್ದ ಗ್ಯಾರೇಜಿಗೆ ತಂದ.

ಬೆಸುಗೆ ಹಾಕಲು ಡಿಪೋದ ಹಳೆಯ ಗೆಳೆಯ ಕಿಡಿ ಬಂದ. ವೆಲ್ಡಿಂಗ್ ಮಾಡಿ ಮಾಡಿ ಅವನಿಗೆ ಆ ಹೆಸರು ಬಿದ್ದಿತ್ತು. ಅವನು ಮೇಸ್ತ್ರಿಯ ಎಡಗಿವಿಗೆ ಬಾಯಿಟ್ಟು ಕೂಗಿದ: “ಒಂದು ಎಂಜಿನ್ ಸಾಕೋಕೇ ಜನ ಒದ್ದಾಡ್ತಿದ್ದಾರೆ ಮಾರಾಯ, ನಿನಗೆ ಎರಡು ಬೇಕಾ?”

“ಕೈಗೆ ಕೆಲಸ ಬೇಕು,” ಎಂದ ಮೇಸ್ತ್ರಿ.

ನಿಜವೂ ಅದೇ. ಗ್ಯಾರೇಜಿನಲ್ಲಿ ಯಾರೂ ಅವನನ್ನು ಏನೂ ಕೇಳುತ್ತಿರಲಿಲ್ಲ. ಸ್ಪ್ಯಾನರ್ ಬೋಲ್ಟಿನ ಮೇಲೆ ಸರಿಯಾಗಿ ಕೂತದ್ದು ಕೈಗೇ ತಿಳಿಯುತ್ತಿತ್ತು, ಅದಕ್ಕೆ ಕಿವಿ ಬೇಕಿರಲಿಲ್ಲ. ಹಿಂದಿನ ಚಕ್ರಗಳು ಅತ್ತಿತ್ತ ಹೊರಳದಂತೆ ಬಿಗಿದ. ಒಂದೇ ಕ್ಲಚ್ ಪೆಡಲಿಗೆ ಎರಡೂ ಎಂಜಿನ್ ಬರುವಂತೆ ಮಾಡಿದ. ಮುಂದಿನ ಗೇರಿಗೂ ಹಿಂದಿನ ಗೇರಿಗೂ ಉದ್ದನೆಯ ಸರಳು ಹಾಕಿ ಜೋಡಿಸಿದ. ಬೀಗದ ಕೈ ಮಾತ್ರ ಎರಡು. ಹೀಗೆ ಎರಡು ವರ್ಷ ಹೋಯಿತು. ಹೆಂಡತಿ ಕೆಲಸಕ್ಕೆ ಹೋಗುವಾಗ ಬಾಗಿಲಲ್ಲಿ ನಿಂತು ಕೈ ಎತ್ತುತ್ತಿದ್ದಳು. ಅವನು ಕೆಲವು ಸಲ ನೋಡುತ್ತಿದ್ದ, ಕೆಲವು ಸಲ ಕಾರಿನ ಕೆಳಗಿರುತ್ತಿದ್ದ.

ಒಂದು ಬೆಳಿಗ್ಗೆ ಕಾರನ್ನು ಬೀದಿಗಿಳಿಸಿದ. ಮೊದಲ ಗೇರಿನಲ್ಲಿ ಅದು ಬಿಟ್ಟ ಬಾಣದಂತೆ ಹೊರಟಿತು. ಎರಡನೆಯ ಗೇರಿಗೆ ಹಾಕಿದ. ಮನೆಗಳಿಂದ ಜನ ಹೊರಗೆ ಬಂದರು. ತನ್ನ ಕಾರು ನೋಡಲು ಬಂದಿದ್ದಾರೆ ಎಂದುಕೊಂಡು ಅವನು ನಗುತ್ತ ಕೈಬೀಸಿದ. ಅವರು ಯಾರೂ ತಿರುಗಿ ಕೈಬೀಸಲಿಲ್ಲ. ಒಬ್ಬಳು ಕಂಕುಳಲ್ಲಿದ್ದ ಮಗುವಿನ ಕಿವಿ ಮುಚ್ಚಿದ್ದಳು. ಮುದುಕರೊಬ್ಬರು ಕೋಲೆತ್ತಿ ಬೈಯುತ್ತಿದ್ದರು. ಎದುರಿನಿಂದ ಓಡಿಬಂದ ಕಿಡಿ ಬಾನೆಟ್ಟಿಗೆ ಎರಡೂ ಕೈಯಿಂದ ಬಡಿದ ಮೇಲೆಯೇ ಅವನಿಗೆ ಗೊತ್ತಾದದ್ದು: ಹಿಂದಿನ ಎಂಜಿನ್ನಿಗೆ ಎರಡನೆಯ ಗೇರು ಬಿದ್ದೇ ಇರಲಿಲ್ಲ. ಬೀದಿಯುದ್ದಕ್ಕೂ ಅದು ಬೊಬ್ಬೆ ಹೊಡೆಯುತ್ತಲೇ ಬಂದಿತ್ತು. ಹಿಂದೆ ಹೊಗೆ ಕವಿದಿತ್ತು.

ಇಬ್ಬರೂ ಸೇರಿ ಕಾರನ್ನು ತಳ್ಳಿಕೊಂಡು ಬಂದರು. ಮೇಸ್ತ್ರಿ ಅದರ ಮೇಲೆ ಟಾರ್ಪಾಲು ಹೊದಿಸಿ, ಗ್ಯಾರೇಜಿಗೆ ಬೀಗ ಹಾಕಿದ. ಆಮೇಲೆ ಒಂದು ತಿಂಗಳು ಮನೆಯಿಂದ ಹೊರಗೆ ಬರಲಿಲ್ಲ. ಶಬ್ದದಿಂದಲೇ ಅನ್ನ ತಿಂದವನು ನಾನು, ಬೆನ್ನ ಹಿಂದೆಯೇ ಎಂಜಿನ್ ಅರಚಿದರೂ ತಿಳಿಯಲಿಲ್ಲವಲ್ಲ ಎಂದು ಕೊರಗಿದ. ಯಾರಿಗೆ ಹೇಳುವುದು?

ಒಂದು ಭಾನುವಾರ ಮಧ್ಯಾಹ್ನ ಹೆಂಡತಿ ಗ್ಯಾರೇಜಿನ ಬೀಗ ತೆಗೆದು, ಟಾರ್ಪಾಲು ಎಳೆದು, ಅವನನ್ನು ರಟ್ಟೆ ಹಿಡಿದು ಕರೆತಂದಳು. ಮುಖಕ್ಕೆ ಮುಖ ಕೊಟ್ಟು, ನಿಧಾನವಾಗಿ, ತುಟಿ ಕಾಣುವಂತೆ ಹೇಳಿದಳು:

“ಎರಡನೇ ಗೇರು ಹಾಕಿದ್ರೆ ಮುಂದಿನದು ಕಟ್ ಅಂತ ಬೀಳುತ್ತೆ. ಹಿಂದಿನದು ಬೀಳಲ್ಲ, ಬರೀ ಕರಕರ ಅನ್ನುತ್ತೆ. ಶುರುವಿಂದ್ಲೂ ಹಾಗೇನೇ.”

“ನಿನಗೆ ಹೇಗೆ ಗೊತ್ತು?”

“ಈ ಗೋಡೆ ಆಚೆ ಅಡುಗೆಮನೆ ಕಣ್ರೀ. ಎರಡು ವರ್ಷ ಅಲ್ಲೇ ಕೂತು ಕೇಳಿದ್ದೀನಿ.”

ಅವನು ಕಾರನ್ನು ಜಾಕಿನ ಮೇಲೆ ಎತ್ತಿ ನಿಲ್ಲಿಸಿದ. ತನ್ನ ತೋಳಿಗೆ ಒಂದು ಹಗ್ಗ ಕಟ್ಟಿಕೊಂಡು, ಅದರ ತುದಿ ಅವಳ ಕೈಗೆ ಕೊಟ್ಟು, “ಕರಕರ ಅಂದ್ರೆ ಒಂದು ಸಲ ಎಳಿ. ಎರಡೂ ಕೂತರೆ ಎರಡು ಸಲ,” ಎಂದ. ಅವಳು ಹಿಂದಿನ ಎಂಜಿನ್ನಿನ ಬಳಿ ನಿಂತಳು. ಅವನು ಗೇರು ಹಾಕುವುದು, ಅವಳು ಎಳೆಯುವುದು, ಅವನು ಇಳಿದು ಸರಳಿನ ತಿರುಪು ಒಂದು ಸುತ್ತು ತಿರುಗಿಸುವುದು. ಹದಿನಾಲ್ಕನೆಯ ಸಲ ಹಗ್ಗ ಎರಡು ಬಾರಿ ಜಗ್ಗಿತು. ತಿರುಗಿ ನೋಡಿದರೆ ಅವಳ ಮೂಗಿನ ಮೇಲೆ ಗ್ರೀಸು.

ಮಾರನೆಯ ಭಾನುವಾರ ಇಬ್ಬರೂ ಕಾರಿನಲ್ಲಿ ಕೂತು, ಬೀದಿಯ ಹಿಂದಿದ್ದ ಮುಚ್ಚಿದ ಗಿರಣಿಯ ಬಯಲಿಗೆ ಹೋದರು. ಒಂದು, ಎರಡು, ಮೂರು, ಗೇರುಗಳು ಬೆಣ್ಣೆಯಂತೆ ಬಿದ್ದವು. ಕಾರು ಮುಂದಿನಿಂದ ಎಳೆಯಿತು, ಹಿಂದಿನಿಂದ ನೂಕಿತು. ಸೀಟು ಬೆನ್ನನ್ನು ಒತ್ತಿದ್ದು ಅವನಿಗೆ ಚೆನ್ನಾಗಿ ತಿಳಿಯಿತು. ಮೂರು ಸುತ್ತು ಹೊಡೆದು, ಗೋಡೆಯ ನೆರಳಿನಲ್ಲಿ ನಿಲ್ಲಿಸಿ, ಎರಡೂ ಬೀಗದ ಕೈ ತಿರುಗಿಸಿದ. ಅವನ ಮುಖ ಅರಳಿತ್ತು.

ಅವಳು ಅವನ ಕಡೆ ತಿರುಗಿ ಕೂತಳು. “ಮುಂದಿನ ವಾರ ಹೊರಡ್ತೀನಿ.”

“ಎಲ್ಲಿಗೆ?”

“ಮಗಳ ಊರಿಗೆ. ವರ್ಗ ಕೇಳಿದ್ದೆ, ಬಂತು. ಚಳಿಗಾಲದಲ್ಲೇ ನಿಮಗೆ ಹೇಳಿದ್ದೆ. ‘ಹೋಗ್ಲಾ?’ ಅಂತ ಕೇಳಿದ್ದೆ. ತಲೆ ಆಡಿಸಿದ್ರಿ.”

ಅವನಿಗೆ ಆ ಸಂಜೆ ನೆನಪಿರಲಿಲ್ಲ. ಕೇಳಿಸದಿದ್ದಾಗ ತಲೆಯಾಡಿಸಿ ಪಾರಾದ ಸಂಜೆಗಳು ಲೆಕ್ಕವಿಲ್ಲದಷ್ಟಿದ್ದವು.

“ನನಗೆ ಕೇಳಿಸಿರ್ಲಿಲ್ಲ,” ಎಂದ.

“ಗೊತ್ತು,” ಎಂದಳು ಅವಳು. “ಆದ್ರೂ ನನಗೆ ಸಿಟ್ಟು ಬಂದಿತ್ತು. ಅದಕ್ಕೇ ಎರಡನೇ ಸಲ ಹೇಳ್ಲಿಲ್ಲ.”

ಮುಂದಿನ ಶುಕ್ರವಾರ ಅವನೇ ಪೆಟ್ಟಿಗೆ ಹೊತ್ತು ರೈಲು ಹತ್ತಿಸಿದ. ಕಿಟಕಿಯಿಂದ ಅವಳು ಏನೋ ಹೇಳಿದಳು. ಈ ಸಲ ಅವನು ತಲೆಯಾಡಿಸದೆ “ಏನು?” ಎಂದು ಕೇಳಿದ. ರೈಲು ಹೊರಟುಬಿಟ್ಟಿತು. ಹತ್ತು ನಿಮಿಷದ ಮೇಲೆ ಅವಳು ಫೋನಿನಲ್ಲಿ ಬರೆದು ಕಳಿಸಿದಳು: “ಗ್ಯಾಸ್ ಆಫ್ ಮಾಡಿದ್ದೀರಾ ನೋಡಿ ಅಂದೆ.”

ಹಾಗೆ ಶುರುವಾಯಿತು. ಅವಳು ದಿನವೂ ಸಂಜೆ ಬರೆಯತೊಡಗಿದಳು. ಹೊಸ ಕೌಂಟರಿನ ಕುರ್ಚಿಯ ಕಾಲು ಮುರಿದದ್ದು, ಮಗಳು ಸಣ್ಣಗಾದದ್ದು, ಅಳಿಯನ ಗೊರಕೆ. ಅವನು ದಪ್ಪ ಬೆರಳುಗಳಿಂದ ತಪ್ಪುತಪ್ಪಾಗಿ ಉತ್ತರ ಬರೆದ. ಹತ್ತು ವರ್ಷದಲ್ಲಿ ಆಡದಷ್ಟು ಮಾತು ಎರಡು ತಿಂಗಳಲ್ಲಿ ಆಯಿತು. ಮನೆ ಮಾತ್ರ ಹಾಳು ಸುರಿಯುತ್ತಿತ್ತು. ಉಣ್ಣುವವನು ಒಬ್ಬನೇ ಆದ್ದರಿಂದ ಅಡುಗೆಮನೆಯಲ್ಲಿ ನಿಂತೇ ಉಂಡು, ಅಲ್ಲೇ ತೊಳೆದಿಡುತ್ತಿದ್ದ. ಕಾರನ್ನು ರಸ್ತೆಗಿಳಿಸಲು ಸಾರಿಗೆ ಕಚೇರಿಯವರು ಒಪ್ಪಲಿಲ್ಲ. ಅವನಿಗೂ ಆ ಚಿಂತೆ ಅಷ್ಟಾಗಿ ಉಳಿದಿರಲಿಲ್ಲ.

ಒಂದು ದಿನ ಬರೆದ: “ನಾನೂ ಅಲ್ಲಿಗೆ ಬರ್ಲಾ?”

ಆ ದಿನ ಉತ್ತರ ಬರಲಿಲ್ಲ. ಮಾರನೆಯ ಬೆಳಿಗ್ಗೆ ಬಂತು: “ಇಲ್ಲಿ ಗ್ಯಾರೇಜ್ ಇಲ್ಲ.”

“ಪರವಾಗಿಲ್ಲ,” ಎಂದು ಬರೆದ.

ಅದಕ್ಕೆ ಸಂಜೆ ಉತ್ತರ ಬಂತು: “ಮಳೆಗಾಲ ಮುಗೀಲಿ, ನೋಡೋಣ.”

ಅವನು ಅದನ್ನು ನಾಲ್ಕಾರು ಸಲ ಓದಿದ. ಮಳೆಗಾಲ ಶುರುವಾಗಿ ಇನ್ನೂ ಒಂದು ವಾರವಷ್ಟೇ ಆಗಿತ್ತು.