ಎರಡು ವಾರಕ್ಕೊಂದು ದಿನ

ನನ್ನದು ಸುಮ್ಮನಿರುವ ಬಾಯಲ್ಲ, ಮೊದಲೇ ಹೇಳಿಬಿಡುತ್ತೇನೆ. ಹಳಿಯಾಳದ ಬ್ಯಾಗು ಹೊಲಿಯುವ ಶೆಡ್ಡಿನಲ್ಲಿ ನನಗೆ ಮೂರು ತಿಂಗಳ ಸರ್ವಿಸು, ಗಿರಿಜಾಬಾಯಿಗೆ ಹದಿನಾಲ್ಕು ವರ್ಷ. ಆಕೆ ಒಂದು ಜಿಪ್ಪು ಕೂಡಿಸುವಷ್ಟರಲ್ಲಿ ನಾನು ಮೂರು ಕೂಡಿಸುತ್ತೇನೆ. ಅದನ್ನು ಮಾಲಕ ಶರಣಬಸವರ ಮುಂದೆ ಹೇಳಿಯೂ ಬಂದಿದ್ದೆ.

ನಮ್ಮ ಬ್ಯಾಗುಗಳೆಲ್ಲ ಹೋಗುವುದು ಯುರೋಪಿಗೆ. ಆ ಸೋಮವಾರ ಮಾಲಕರು ಹನ್ನೆರಡೂ ಹೆಂಗಸರನ್ನು ಕರೆದರು. ಅಲ್ಲಿ ಕಾರ್ಖಾನೆಗಳು ಮುಚ್ಚುತ್ತಿವೆಯಂತೆ, ಆರ್ಡರು ಇಳಿದಿದೆ, ಇನ್ನು ಹನ್ನೊಂದು ಮಂದಿಗಷ್ಟೇ ಕೆಲಸ. ಕೊನೆಗೆ ಬಂದವಳು ಮೊದಲು ಹೋಗಬೇಕು. ಕೊನೆಗೆ ಬಂದವಳು ನಾನೇ.

ನಮ್ಮವರು ಕಾಲು ಮುರಿದುಕೊಂಡು ಎರಡು ತಿಂಗಳಿಂದ ಮಂಚದ ಮೇಲಿದ್ದರು. ದುಡಿಯುವ ಕೈ ನನ್ನದೊಂದೇ.

"ಅಲ್ರೀ, ಯುರೋಪಿನ ಮಂದಿ ಬ್ಯಾಗ್ ಕೊಳ್ಳಲಿಲ್ಲಂದ್ರ ನನ್ನ ಹೊಟ್ಟಿ ಮ್ಯಾಲೆ ಯಾಕ ಹೊಡೀತೀರಿ?" ಎಂದು ಕೂಗಾಡಿದೆ.

"ಅಲ್ಲೂ ಇದ ಜಗಳ ಐತಂತ, ನೂರಜಹಾನ್," ಎಂದರು ಮಾಲಕರು. "ಹಳಬರ ಕೆಲಸ ಗಟ್ಟಿ, ಹೊಸಬರು ಹೊರಗ. ಕೆಲವು ದೇಶದಾಗ ಈಗ ಯಾರನ್ನೂ ಬಿಡಸಂಗಿಲ್ಲಂತ, ಎಲ್ಲಾರ ತಾಸು ಒಂದೀಟು ಕಡಿಮಿ ಮಾಡ್ತಾರಂತ. ಅಲ್ಲಿ ಕಡಿಮಿ ಬಿದ್ದ ಪಗಾರ ಸರಕಾರ ತುಂಬತೈತಿ. ಇಲ್ಲಿ ಯಾರು ತುಂಬಬೇಕು?"

ನಾನು ಊಟದ ಡಬ್ಬಿಯನ್ನು ಚೀಲಕ್ಕೆ ತುರುಕಿದೆ.

"ನಾವ ತುಂಬೂಣು," ಎಂದರು ಗಿರಿಜಾಬಾಯಿ. "ಹೊಲದಾಗ ಮುಯ್ಯಾಳ ಹೋಗಂಗಿಲ್ಲೇನು, ಇವತ್ತ ನಿನ್ನ ಹೊಲಕ್ಕ ನಾ, ನಾಳೆ ನನ್ನ ಹೊಲಕ್ಕ ನೀ? ಹಂಗ. ಎರಡು ವಾರಕ್ಕ ಒಬ್ಬೊಬ್ರು ಒಂದೊಂದು ದಿನಾ ಪಗಾರ ಬಿಟ್ಟು ಮನ್ಯಾಗ ಇದ್ರ ಒಬ್ಬಾಕಿಯ ಹನ್ನೆರಡು ದಿನದ ಪಗಾರ ಹೊಂದತೈತಿ, ನೂರಜಹಾನಳ ಕೆಲಸ ಉಳೀತೈತಿ. ಈ ಶನಿವಾರ ನಂದು."

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. "ಬಾಯಾರ, ನಿಮ್ಮ ಮ್ಯಾಲ ಚಾಡಿ ಹೇಳಿದಾಕಿ ನಾ."

"ಗೊತ್ತೈತಿ. ನೀ ಹೇಳಿದ್ದು ಖರೇನೂ ಇತ್ತು. ಕೂಡು ಇನ್ನ."

"ಹಬ್ಬದ ವಾರ ಮಾತ್ರ ನನ್ನ ಕೇಳಬ್ಯಾಡ್ರಿ," ಎಂದು ಗೊಣಗುತ್ತಲೇ ಪಕ್ಕದ ಮಷೀನಿನ ಮಾಲವ್ವ ಕೈ ಎತ್ತಿದಳು. ಆಮೇಲೆ ಎಲ್ಲರೂ ಎತ್ತಿದರು, ಮಾಲಕರೂ ಒಪ್ಪಿದರು. ನಾನು ಅಲ್ಲೇ ಎಲ್ಲರ ಮುಂದೆ ಅತ್ತುಬಿಟ್ಟೆ. ಅವರಲ್ಲಿ ಯಾರಿಗೂ ನಾನು ಒಂದು ಒಳ್ಳೆಯ ಮಾತು ಆಡಿದವಳಲ್ಲ. ಅವರ ಉಪಕಾರ ಈ ಜನ್ಮದಲ್ಲಿ ಮರೆಯುವುದಿಲ್ಲ.

ಮುಂದಿನ ಬುಧವಾರ ನನ್ನ ಪಾಳಿ ಬಂತು. ಹಗಲು ಹೊತ್ತಿನಲ್ಲಿ ಅಂಗಳದಲ್ಲಿ ಕೂತು ಅಕ್ಕಿ ಆರಿಸುತ್ತಿದ್ದೆ. ಪಕ್ಕದ ಮನೆಯ ಶಾಂತಾದೇವಿ ಗಾಬರಿಯಿಂದ ಓಡಿಬಂದರು.

"ಯವ್ವಾ, ಕೆಲಸ ಹೋತೇನ?"

"ಇಲ್ರೀ ಅಕ್ಕಾರ, ಉಳದೈತಿ," ಎಂದೆ. "ಅದಕ್ಕ ಮನ್ಯಾಗ ಅದೇನಿ."