ಕೆಂಪು ಉಷ್ಣ, ಹಸಿರು ತಂಪು

ಡಬ್ಬಿ ನನ್ನ ಕಿವಿಯ ಪಕ್ಕದಲ್ಲೇ ಹಾದುಹೋಗಿ ಹಿಂದಿದ್ದ ಕಪಾಟಿನ ಗಾಜಿಗೆ ಬಡಿಯಿತು. ಗಾಜು ಪುಡಿಪುಡಿಯಾಯಿತು. ಡಬ್ಬಿಯ ಬಾಯಿ ಒಡೆದು, ಎಂಜಿನ್ ತಂಪಾಗಿಡುವ ಕೆಂಪು ಕೂಲೆಂಟ್ ನೆಲದ ತುಂಬ ಹರಿಯಿತು. ಎಸೆದವನು ಬೇರೆ ಯಾರೂ ಅಲ್ಲ, ನನ್ನ ತಂಗಿ ನೇತ್ರಾಳ ಗಂಡ, ಸಿರುಗುಪ್ಪದಲ್ಲಿ ಭತ್ತದ ವ್ಯಾಪಾರ ಮಾಡುವ ತಿಪ್ಪೇಶ.

ನಾನು ರಾಧಾ. ಬಳ್ಳಾರಿಯ ಸಿರುಗುಪ್ಪ ರಸ್ತೆಯಲ್ಲಿ ಗಾಡಿ ಸಾಮಾನಿನ ಅಂಗಡಿ ನನ್ನದು. ಅಪ್ಪ ಹಂಪಯ್ಯ ಇಟ್ಟ ಅಂಗಡಿ, ಅಪ್ಪ ಹೋದ ಮೇಲೆ ಗಲ್ಲೆಯ ಮೇಲೆ ನಾನೇ ಕೂರುತ್ತೇನೆ. ಈ ರಸ್ತೆಯ ಡ್ರೈವರುಗಳಿಗೆ ನನ್ನ ಸಾಮಾನೂ ಗೊತ್ತು, ನನ್ನ ಬಾಯಿಯೂ ಗೊತ್ತು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಪ್ಪ ಬೈಯುತ್ತಿದ್ದರು. ಇರಲಿ ಬಿಡಿ, ಎಲ್ಲಿಯಾದರೂ ಇರಬೇಕಲ್ಲ!

ಜಗಳ ಹುಟ್ಟಿದ್ದು ಬಣ್ಣದಿಂದ. ಆ ದಿನ ತಿಪ್ಪೇಶ ಹೆಂಡತಿಯನ್ನು ಕೂರಿಸಿಕೊಂಡು ಕಾರಿನಲ್ಲಿ ಬಂದಿದ್ದ. ಬಂದವನೇ, "ಅಕ್ಕಾರ, ಕೂಲೆಂಟ್ ಕಮ್ಮಿ ಆಗೈತಿ, ಒಂದು ಹಸಿರು ಡಬ್ಬಿ ಕೊಡ್ರಿ" ಎಂದ. ನಾನು ಬಾನೆಟ್ ಎತ್ತಿಸಿ ನೋಡಿದೆ. ಒಳಗಿದ್ದದ್ದು ಕೆಂಪು.

"ಬಣ್ಣ ನೋಡಿ ಹಾಕೋದಲ್ಲಪ್ಪ ಇದು. ಗಾಡಿ ಬುಕ್ಕಿನ್ಯಾಗ ಯಾವುದು ಬರದಾರ, ಅದನ್ನ ಹಾಕಬೇಕು. ನಿನ್ನ ಗಾಡಿಗಿ ಮೊದಲಿಂದ ಬಂದದ್ದು ಇದು. ಇದರ ಮ್ಯಾಲ ಆ ಹಸಿರು ಸುರುವಿದ್ರ ಒಳಗ ಗಂಜಿ ಕಟ್ಟತೈತಿ. ಪೈಪ್ ಮುಚ್ಚಿಕೊಂಡು ಎಂಜಿನ್ ಕುದಿತೈತಿ ನೋಡು" ಎಂದೆ.

"ಕೆಂಪು ಅಂದ್ರ ಉಷ್ಣ ಅಕ್ಕಾರ. ಹಸಿರು ಅಂದ್ರ ತಂಪು. ಬಳ್ಳಾರಿ ಬಿಸಿಲಿಗಿ ಯಾವನರ ಕೆಂಪು ಹಾಕ್ತಾನೇನು?"

ಇದು ಅವನೊಬ್ಬನ ಮಾತಲ್ಲ. ನನ್ನ ಅಂಗಡಿಗೆ ಬರುವ ಅರ್ಧ ಜನ ಹೀಗೆಯೇ ಹೇಳುತ್ತಾರೆ. ನಮ್ಮ ಕಡೆ ಪ್ರಪಂಚದಲ್ಲಿ ಇರುವುದೇ ಎರಡು, ಒಂದು ಉಷ್ಣ, ಇನ್ನೊಂದು ತಂಪು. ಮಾವಿನಹಣ್ಣು ಉಷ್ಣ, ಮಜ್ಜಿಗೆ ತಂಪು, ಪಪ್ಪಾಯಿ ಉಷ್ಣ, ಹೆಸರುಬೇಳೆ ತಂಪು. ಹಾಗಿದ್ದ ಮೇಲೆ ಕೂಲೆಂಟನ್ನು ಯಾಕೆ ಬಿಡುತ್ತಾರೆ? ಅಂಥವರಿಗೆ ನಾನು ಯಾವಾಗಲೂ ಒಂದೇ ಮಾತು ಹೇಳುವುದು. ಅದನ್ನೇ ತಿಪ್ಪೇಶನಿಗೂ ಹೇಳಿದೆ.

"ಹಸಿಮೆಣಸಿನಕಾಯಿನೂ ಹಸಿರೇ ಐತಲ್ಲಪ್ಪ. ನಾಕು ತಿಂದು ನೋಡು, ಎಷ್ಟು ತಂಪು ಐತಿ ಅಂತ ನಾಳೆ ಮುಂಜಾನೆ ಗೊತ್ತಾಗತೈತಿ."

ಅಂಗಡಿಯ ಮುಂದೆ ನಿಂತಿದ್ದ ಡ್ರೈವರುಗಳು ಹೋ ಎಂದು ನಕ್ಕರು. ಬೇರೆಯವರಾಗಿದ್ದರೆ ತಾವೂ ನಕ್ಕು ನಾನು ಕೊಟ್ಟದ್ದನ್ನು ಒಯ್ಯುತ್ತಿದ್ದರು. ತಿಪ್ಪೇಶನ ಮುಖ ಕಪ್ಪಿಟ್ಟಿತು. ಅಷ್ಟರಲ್ಲಿ ನೇತ್ರಾ ಮೆಲ್ಲಗೆ, "ರೀ, ಅಕ್ಕ ಹೇಳಿದ್ದು ಕೇಳ್ರಿ. ಹಸಿರು ಬ್ಯಾಡ, ಗಾಡಿ ಕೆಡತೈತಿ" ಎಂದಳು.

ಅವನು ತಿರುಗಿ ಅವಳ ಕೆನ್ನೆಗೆ ಬಾರಿಸಿದ. ಕಿವಿಯ ಓಲೆ ಕಿತ್ತು ನೆಲಕ್ಕೆ ಬಿತ್ತು. ಅದೇ ಕೈಯಲ್ಲಿ ಗಲ್ಲೆಯ ಮೇಲಿದ್ದ ಕೆಂಪು ಡಬ್ಬಿ ಎತ್ತಿ ನನ್ನ ಮುಖಕ್ಕೆ ಗುರಿಯಿಟ್ಟು ಬೀಸಿದ. ಗುರಿ ತಪ್ಪಿತು, ಅವನ ಪುಣ್ಯ.

ನಾನು ವೀಲ್ ಸ್ಪ್ಯಾನರ್ ಹಿಡಿದು ಗಲ್ಲೆ ಹಾರಿ ಬಂದೆ. ಆ ಹೊತ್ತಿಗೆ ಅವನ ತಲೆ ಒಡೆಯಬೇಕು ಎಂಬುದು ಬಿಟ್ಟು ಬೇರೆ ಯಾವ ಯೋಚನೆಯೂ ನನಗಿರಲಿಲ್ಲ. ನೇತ್ರಾ ಅಡ್ಡ ಬಂದು ಸ್ಪ್ಯಾನರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಬಿಡು ಯಕ್ಕಾ. ನೀ ಇಲ್ಲಿ ಒಂದು ಕೊಟ್ರ, ಮನಿಗಿ ಹೋದಮ್ಯಾಲ ಹತ್ತು ಉಣ್ಣಾಕಿ ನಾನು."

ಕೈ ಕೆಳಗಿಳಿಸಿದೆ. ಅವನು ಪಕ್ಕದ ಅಂಗಡಿಯಿಂದ ಹಸಿರು ಡಬ್ಬಿ ಕೊಂಡು ತಂದು, ನನ್ನ ಅಂಗಡಿಯ ಎದುರಿಗೇ ನಿಂತು, ನನ್ನನ್ನೇ ನೋಡುತ್ತ ಗಾಡಿಗೆ ಸುರಿದ. ನಾನು ಹಲ್ಲು ಕಡಿದುಕೊಂಡು ನೋಡುತ್ತ ನಿಂತೆ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಇವನು ಅದಕ್ಕಿಂತ ಒಂದು ಕೈ ಮೇಲು. ಹೆಂಡತಿ ಬೇಡ ಎಂದರೆ ಮುಗಿಯಿತು, ಅದನ್ನು ಮಾಡಿಯೇ ತೀರಬೇಕು. ಸಿರುಗುಪ್ಪದ ಮನೆಯ ಮುಂದೆ ಒಳ್ಳೆಯ ಬೇವಿನ ಮರ ಇತ್ತು. ಕಡಿಸಬೇಡಿ ಎಂದು ನೇತ್ರಾ ಅಂದದ್ದಕ್ಕೇ ಮರುದಿನ ಆಳು ಕರೆಸಿ ಕಡಿಸಿದ. ಈಗ ಅವನ ಕಾರೇ ದಿನವಿಡೀ ಬಿಸಿಲಲ್ಲಿ ಬೇಯುತ್ತದೆ. ಮದುವೆಯಾದಾಗಿನಿಂದಲೂ ಇದೇ ಕಥೆ. ನಾನು ಎಷ್ಟು ಸಲ "ಬಂದುಬಿಡು" ಎಂದಿದ್ದೇನೋ! "ಬಂದ್ರ ಹುಡುಕಿಕೊಂಡು ಬಂದು ಕೊಲ್ತಾನ ಯಕ್ಕಾ" ಎನ್ನುತ್ತಿದ್ದಳು. ಅವಳ ಹೆದರಿಕೆ ಸುಳ್ಳಾಗಿರಲಿಲ್ಲ.

ಬೇಸಿಗೆ ಏರಿತು. ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದೆ, ಫೋನ್ ಬಂತು. ಮಾತಾಡಿದವರು ನೇತ್ರಾಳ ಪಕ್ಕದ ಮನೆಯ ಫಕೀರಬಿ. ಮನೆಯಲ್ಲೇ ಹೊಲಿಗೆ ಹಾಕುವ ಹೆಂಗಸು.

"ರಾಧಮ್ಮಾ, ಜಲ್ದಿ ಬಾರಮ್ಮ. ಮುಂಜಾನಿಂದ ಹೊಡ್ಯಾಕ ಹತ್ಯಾನ, ಗಾಡಿ ಬೆಲ್ಟ್ ತಗೊಂಡು. ಇವತ್ತು ಹುಡುಗಿ ಉಳಿಯಂಗಿಲ್ಲ, ಖುದಾ ಕಸಂ."

"ಏನಾತು ಬೂಬಮ್ಮಾ?"

"ಗಾಡಿ ಭಾಳ ಬಿಸಿ ಆಗಾಕ ಹತ್ತೈತಂತ. ಅಕ್ಕ ಹೇಳಿದ್ದು ಖರೆ ಆತು ಅಂದಳಂತ ಇಕಿ. ನಿನ್ನ ಕೆಟ್ಟ ಬಾಯಿ ತಾಗೇ ಗಾಡಿ ಕೆಟ್ಟೈತಿ ಅಂತ ಇಕಿಗಿ ಹೊಡ್ಯಾಕ ಶುರು ಮಾಡ್ಯಾನ. ಅವನ ಬಾಯಾಗ ಮಣ್ಣು ಬೀಳ!"

ಕೈ ತೊಳೆಯಲೂ ಇಲ್ಲ. ಶಟರ್ ಎಳೆದು, ವೀಲ್ ಸ್ಪ್ಯಾನರ್ ಸೀಟಿನ ಪಕ್ಕಕ್ಕೆ ಎಸೆದು, ನನ್ನ ಹಳೇ ಓಮ್ನಿ ಹತ್ತಿದೆ. ತೆಕ್ಕಲಕೋಟೆ ದಾಟಿದ್ದು, ಸಿರುಗುಪ್ಪ ಹೊಕ್ಕಿದ್ದು ಯಾವುದೂ ಸರಿಯಾಗಿ ನೆನಪಿಲ್ಲ. ದಾರಿಯುದ್ದಕ್ಕೂ ಅವಳು ಬದುಕಿದ್ದರೆ ಸಾಕು ಎಂದುಕೊಳ್ಳುತ್ತಿದ್ದೆ.

ಮನೆಯ ಬಾಗಿಲು ತೆರೆದಿತ್ತು. ತಿಪ್ಪೇಶ ನಡುಮನೆಯಲ್ಲಿ ಕೂತು ಊಟ ಮಾಡುತ್ತಿದ್ದ. ಹೌದು, ಊಟ! ಬೆಲ್ಟ್ ಪಕ್ಕದಲ್ಲೇ ಸುರುಳಿ ಸುತ್ತಿ ಬಿದ್ದಿತ್ತು. ಭತ್ತದ ಚೀಲ ಇಡುವ ಕೋಣೆಗೆ ಹೊರಗಿನಿಂದ ಚಿಲಕ ಹಾಕಿತ್ತು. ನಾನು ಸ್ಪ್ಯಾನರ್ ಹಿಡಿದುಕೊಂಡೇ, ಅವನ ಕಡೆ ನೋಡದೆ ನೇರ ಹೋಗಿ ಚಿಲಕ ತೆಗೆದೆ. ನೇತ್ರಾ ಚೀಲಗಳ ನಡುವೆ ಮುದುಡಿ ಕೂತಿದ್ದಳು. ಒಂದು ಕಣ್ಣು ಮುಚ್ಚಿಹೋಗಿತ್ತು. ತುಟಿ ಸೀಳಿ ರಕ್ತ ಕುತ್ತಿಗೆಗೆ ಇಳಿದು ಒಣಗಿತ್ತು. ಕುಪ್ಪಸ ಹರಿದ ಕಡೆಯೆಲ್ಲ ಬೆಲ್ಟಿನ ಬರೆಗಳು ಎದ್ದಿದ್ದವು.

"ಏಳು" ಎಂದೆ.

ಹಿಂದಿನಿಂದ ತಿಪ್ಪೇಶ ನನ್ನ ಜಡೆ ಹಿಡಿದು ಎಳೆದ. ತಲೆ ಬಾಗಿಲ ಚೌಕಟ್ಟಿಗೆ ಬಡಿಯಿತು, ಕಣ್ಣಿಗೆ ಕತ್ತಲೆ ಬಂತು. ನಾನು ತಿರುಗದೆಯೇ ಸ್ಪ್ಯಾನರನ್ನು ಹಿಂದಕ್ಕೆ ಬೀಸಿದೆ. ಅದು ಅವನ ಮೊಣಕಾಲಿನ ಚಿಪ್ಪಿಗೆ ಬಿತ್ತು. ಅವನು ಎಮ್ಮೆಯಂತೆ ಒದರಿ ಕುಸಿದ. ಬಿದ್ದಲ್ಲಿಂದಲೇ ನನ್ನ ಪಾದ ಹಿಡಿದು ಕಚ್ಚಿದ. ಇನ್ನೊಂದು ಕಾಲಿನಿಂದ ಅವನ ಮುಖಕ್ಕೆ ಒದ್ದೆ. ಅವನ ಮೂಗಿನಿಂದ ರಕ್ತ ಚಿಮ್ಮಿ ನನ್ನ ಸೀರೆಗೆ ಸಿಡಿಯಿತು. ಸುಳ್ಳೇಕೆ ಹೇಳಲಿ, ಆ ಒದೆ ಕೊಟ್ಟದ್ದಕ್ಕೆ ನನಗೆ ಖುಷಿಯಾಯಿತು.

ನೇತ್ರಾಳ ಕೈ ಹಿಡಿದು ಎಳೆದುಕೊಂಡು ಹೊರಗೆ ಓಡಿದೆ. ಅಲ್ಲಿ ಫಕೀರಬಿ ಓಮ್ನಿಯ ಬಾಗಿಲು ತೆಗೆದು ಹಿಡಿದುಕೊಂಡು ನಿಂತಿದ್ದರು. "ಹೋಗ್ರಮ್ಮ, ಹೋಗ್ರಿ!" ಎಂದು ಇಬ್ಬರನ್ನೂ ಒಳಗೆ ತಳ್ಳಿದರು.

ಊರು ದಾಟಿ ಸ್ವಲ್ಪ ದೂರ ಬರುವಷ್ಟರಲ್ಲಿ ಕನ್ನಡಿಯಲ್ಲಿ ಅವನ ಬಿಳಿ ಕಾರು ಕಾಣಿಸಿತು. ದೊಡ್ಡ ರಸ್ತೆಯಲ್ಲಿ ಅವನ ವೇಗಕ್ಕೆ ನನ್ನ ಓಮ್ನಿ ಯಾವ ಲೆಕ್ಕ? ಕುರುಗೋಡಿನ ಕಡೆ ತಿರುಗಿಸಿದೆ. ಆ ರಸ್ತೆ ಸಣ್ಣದು, ತಿರುವು ಬಹಳ. ಕುರುಗೋಡು ಪೊಲೀಸ್ ಠಾಣೆಯ ಬಾಗಿಲು ಮುಟ್ಟಿದರೆ ಸಾಕು, ನೇತ್ರಾ ಉಳಿಯುತ್ತಾಳೆ. ಅದೊಂದೇ ನನ್ನ ತಲೆಯಲ್ಲಿದ್ದದ್ದು. ಅವಳು ಪಕ್ಕದಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಹಿಂದೆ ನೋಡುತ್ತಿದ್ದಳು.

"ಹತ್ತಿರ ಬಂದ ಯಕ್ಕಾ."

ಕುರುಗೋಡಿನ ಬಂಡೆಗುಡ್ಡಗಳು ಕಾಣುತ್ತಿದ್ದ ಹಾಗೇ ಅವನು ಬಲಗಡೆಯಿಂದ ಮುಂದೆ ಬಂದು ಕಾರನ್ನು ನಮ್ಮ ಮೇಲೆ ನುಗ್ಗಿಸಿದ. ತಗಡು ಕಿರ್ರೆಂದಿತು. ಓಮ್ನಿ ರಸ್ತೆ ಬಿಟ್ಟು ಎಡಕ್ಕೆ ಜಾರಿ, ಮುಂದಿನ ಚಕ್ರ ಗದ್ದೆಯ ಕಾಲುವೆಯ ಕೆಸರಿನಲ್ಲಿ ಹೂತು ನಿಂತಿತು. ಅವನು ಕಾರನ್ನು ನಮಗೆ ಅಡ್ಡ ನಿಲ್ಲಿಸಿ, ಜಾಕಿನ ರಾಡ್ ಹಿಡಿದು, ಕುಂಟುತ್ತ ಇಳಿದು ಬಂದ.

ಮೊದಲ ಏಟಿಗೆ ಮುಂದಿನ ಗಾಜು ಬಿರುಕುಬಿಟ್ಟಿತು. ಎರಡನೆಯದಕ್ಕೆ ಒಳಗೆ ಕುಸಿದು ಬಿತ್ತು. ಮೂರನೆಯದು ನೇತ್ರಾಳ ಮುಖಕ್ಕೆ ಬರುತ್ತಿತ್ತು. ನಾನು ಎಡಗೈ ಅಡ್ಡ ಹಿಡಿದೆ. ಕಟಕ್ಕೆಂದು ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ಅಯ್ಯೋ, ಆ ನೋವು!

ಅವನು ನೇತ್ರಾಳ ಕೂದಲು ಹಿಡಿದು ಹೊರಗೆಳೆದ. ಗಾಜಿನ ಚೂರುಗಳ ಮೇಲೆ ದರದರ ಎಳೆದುಕೊಂಡು ಹೋಗಿ ತನ್ನ ಕಾರಿನ ಮುಂದಿನ ಸೀಟಿಗೆ ತಳ್ಳಿದ.

"ಮನಿಗಿ ನಡಿ. ಇವತ್ತು ನಿನ್ನ ಹೂಳದಿದ್ರ ನಾನು ನಮ್ಮಪ್ಪಗ ಹುಟ್ಟಿದ ಮಗನ ಅಲ್ಲ."

ಕೀಲಿ ತಿರುಗಿಸಿದ. ಎಂಜಿನ್ ಎರಡು ಸಲ ಕೆಮ್ಮಿ ನಿಂತುಹೋಯಿತು. ಮತ್ತೆ ತಿರುಗಿಸಿದ, ಸದ್ದೇ ಇಲ್ಲ. ಬಾನೆಟ್ಟಿನ ಸಂದಿಯಿಂದ ಹಬೆ ಏಳುತ್ತಿತ್ತು. ಕುದಿಯುವ ಕೂಲೆಂಟಿನ ಸಿಹಿ ವಾಸನೆ ನನ್ನ ತನಕ ಬಂತು. ಒಳಗೆ ಕೆಂಪೂ ಹಸಿರೂ ಗಂಜಿ ಕಟ್ಟಿ ಪೈಪ್ ಮುಚ್ಚಿತ್ತು. ನಾನು ಹೇಳಿದ್ದು ಇದನ್ನೇ.

ಅವನು ಬೈಯುತ್ತ ಇಳಿದು ಬಾನೆಟ್ ಎತ್ತಿದ. ಹೆಗಲ ಟವೆಲ್ ಕೈಗೆ ಸುತ್ತಿಕೊಂಡು ಎಂಜಿನ್ ಪಕ್ಕದ ಕೂಲೆಂಟ್ ಟ್ಯಾಂಕಿನ ಮುಚ್ಚಳಕ್ಕೆ ಕೈ ಹಾಕಿದ. ಬಿಸಿ ತಟ್ಟಿತೇನೋ, ಕೈ ಹಿಂದಕ್ಕೆ ಎಳೆದುಕೊಂಡ. ಅಲ್ಲಿಗೇ ಬಿಟ್ಟು, ನೆಲಕ್ಕೆ ಬಿಸಾಡಿದ್ದ ರಾಡ್ ಎತ್ತಿಕೊಳ್ಳಲು ಬಗ್ಗಿದ. ಇನ್ನು ಅವನು ಅವಳನ್ನು ಮನೆಯವರೆಗೂ ಒಯ್ಯುವುದಿಲ್ಲ, ಇಲ್ಲಿಯೇ ಮುಗಿಸುತ್ತಾನೆ ಎನಿಸಿತು.

ನೇತ್ರಾ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದಳು.

"ರೀ, ಆ ಮುಚ್ಚಳ ತೆಗಿಬ್ಯಾಡ್ರಿ! ಬಿಸಿ ಇದ್ದಾಗ ತೆಗಿಬಾರದು ಅಂತ ಅಕ್ಕ ಹೇಳ್ಯಾಳ. ನನ್ನ ಮಾತು ಕೇಳ್ರಿ, ಬ್ಯಾಡ್ರೀ!"

ಅವನು ನೆಟ್ಟಗಾದ. ಅವಳನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ.

"ಅಕ್ಕ ಹೇಳ್ಯಾಳೇನು? ಅಕ್ಕ!" ಎಂದವನೇ ಮುಚ್ಚಳ ಹಿಡಿದು ತಿರುವಿದ.

ಬುಸ್ಸೆಂದು ಮುಚ್ಚಳ ಹಾರಿತು. ಕಂದು ಬಣ್ಣದ ಕುದಿಗಂಜಿ ಅವನ ಮುಖಕ್ಕೆ, ಕುತ್ತಿಗೆಗೆ, ಎದೆಗೆ ಚಿಮ್ಮಿತು. ಅಂಥ ಕೂಗನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಕೈಯಿಂದ ಮುಖ ಒರೆಸಿಕೊಂಡ. ಒರೆಸಿದ ಕಡೆ ಚರ್ಮ ಕೈಗೇ ಬಂತು. ನೆಲಕ್ಕೆ ಬಿದ್ದು ಕಾಲು ಬಡಿಯತೊಡಗಿದ.

ಕೊಯ್ಲು ಮುಗಿಸಿ ಟ್ರ್ಯಾಕ್ಟರಿನಲ್ಲಿ ಕರೂರಿಗೆ ಹೊರಟಿದ್ದ ಕೂಲಿಯವರು ಕೂಗು ಕೇಳಿ ಓಡಿ ಬಂದರು. ಅವರು ತಮ್ಮ ಕುಡಿಯುವ ನೀರಿನ ಕೊಡವನ್ನೇ ತಂದು ಅವನ ಮೇಲೆ ಹುಯ್ದರು. ನಾನು ಬಲಗೈಯಲ್ಲಿ ಫೋನ್ ಹಿಡಿದು ಆಂಬುಲೆನ್ಸಿಗೆ ಕರೆ ಮಾಡಿದೆ. ಅವನು ಸಾಯಲಿ ಎಂದು ಎಷ್ಟೋ ಸಲ ಶಾಪ ಹಾಕಿದವಳು ನಾನು. ಆದರೂ ಮಾಡಿದೆ.

ಕೂಲಿಯವರಲ್ಲಿ ಒಬ್ಬ ಮುದುಕಿ ನೇತ್ರಾಳ ಮುಖ ನೋಡಿ, ಅವನನ್ನು ನೋಡಿ, "ಇಂವ ನಿನಗ ಏನಾಗಬೇಕವ್ವಾ?" ಎಂದಳು.

"ಮನಿಯವರು" ಎಂದಳು ನೇತ್ರಾ. "ನೀರು ನಿಲ್ಲಿಸಬ್ಯಾಡ್ರಿ ಯವ್ವಾ, ಹಾಕ್ತಾ ಇರ್ರಿ."

ಆಂಬುಲೆನ್ಸ್ ಅವನನ್ನು ಒಯ್ಯಿತು. ಉಸಿರಿತ್ತು. ಕೂಲಿಯವರು ಸೇರಿ ಓಮ್ನಿಯನ್ನು ಕೆಸರಿನಿಂದ ಮೇಲೆತ್ತಿ ರಸ್ತೆಗೆ ನಿಲ್ಲಿಸಿದರು. ನನ್ನ ಎಡಗೈ ಜೋತುಬಿದ್ದಿತ್ತು. ಬಲಗೈಯಲ್ಲಿ ಸ್ಟೀರಿಂಗ್ ಹಿಡಿಯಬಹುದು, ಗೇರ್ ಹಾಕುವವರು ಯಾರು?

"ನಾ ಹಾಕ್ತೀನಿ, ಹೇಳಿಕೊಡು" ಎಂದಳು ನೇತ್ರಾ. ನಾನು ಕ್ಲಚ್ ಒತ್ತಿದಾಗ ಅವಳು ಗೇರ್ ಎಳೆದಳು. ಮೊದಲ ಸಲ ಕರಕರ ಎಂದಿತು, ಆಮೇಲೆ ಕೂತಿತು. ಒಡೆದ ಗಾಜಿನೊಳಗೆ ಬಿಸಿಗಾಳಿ ನುಗ್ಗುತ್ತಿತ್ತು. ಹಾಗೇ ಕುರುಗೋಡಿನ ಕಡೆ ಹೊರಟೆವು.

ಸ್ವಲ್ಪ ದೂರ ಹೋದ ಮೇಲೆ ನಾನೇ ಬಾಯಿಬಿಟ್ಟೆ.

"ನೀ ಏನೂ ಮನಸ್ಸಿಗೆ ಹಚ್ಚಿಕೋಬ್ಯಾಡ. ತೆಗಿಬ್ಯಾಡ ಅಂತ ಎಷ್ಟು ಬಡಕೊಂಡಿ. ಠಾಣ್ಯಾಗ ನಾನ ಹೇಳ್ತೀನಿ. ಇದರಾಗ ನಿನ್ನ ಪಾಪ ಏನೂ ಇಲ್ಲ."

ಅವಳು ಸೆರಗಿನ ತುದಿಯಿಂದ ತುಟಿ ಒರೆಸಿಕೊಂಡಳು.

"ಅಂವ ಕೈ ಹಿಂದಕ್ಕ ತಗೊಂಡಿದ್ದ ಯಕ್ಕಾ. ನೀ ನೋಡಲಿಲ್ಲೇನು?"

"ನೋಡಿದೆ."

"ಬ್ಯಾಡ ಅಂದ್ರ ಮಾಡ್ತಾನ. ಇಷ್ಟು ವರ್ಷದಾಗ ನಾ ಬ್ಯಾಡ ಅಂದದ್ದು ಒಂದೂ ಬಿಟ್ಟಿಲ್ಲ. ಅದು ಗೊತ್ತಿದ್ದೇ ತೆಗಿಬ್ಯಾಡ್ರಿ ಅಂದೆ."

"ಅವತ್ತು ಅಂಗಡ್ಯಾಗ? ಹಸಿರು ಬ್ಯಾಡ ಅಂದದ್ದು?"

"ಇಲ್ಲ ಯಕ್ಕಾ" ಎಂದಳು. "ಅವತ್ತು ಖರೇನ ಅಂದಿದ್ದೆ. ಅವರ ಗಾಡಿ ಕೆಡಬಾರದು ಅಂತ."

ಮುಂದೆ ಕುರುಗೋಡಿನ ಮನೆಗಳು ಕಾಣತೊಡಗಿದವು. ನೇತ್ರಾ ಒಂದೇ ಕಣ್ಣಲ್ಲಿ ರಸ್ತೆಯನ್ನೇ ನೋಡುತ್ತಿದ್ದಳು. ಅವಳ ಕೈ ಗೇರಿನ ಮೇಲೇ ಇತ್ತು.

"ಕ್ಲಚ್ ಒತ್ತು ಯಕ್ಕಾ" ಎಂದಳು.

ಒತ್ತಿದೆ. ಅವಳು ಗೇರ್ ಹಾಕಿದಳು.